ಜಲ ಶುದ್ಧ ಎನ್ನದ ಅಕ್ಕಮ್ಮ

ಬನಹಟ್ಟಿಯ ಬಸದಿ ಓಣಿಯಲ್ಲಿ ಅಕ್ಕಮ್ಮನ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರೂ ಇಲ್ಲ. ಕಾಯಿಪಲ್ಯದ ಗಾಡಿಯವನು ನಿನ್ನೆಯ ಮೆಂತ್ಯೆಯನ್ನು ಇವತ್ತಿನದು ಎಂದು ಮಾರುವುದಿದ್ದರೆ ಅವಳ ಮನೆ ದಾಟಿದ ಮೇಲೆಯೇ ಬಾಯಿ ಬಿಡುತ್ತಾನೆ. ಅರವತ್ತು ದಾಟಿದ ಹೆಂಗಸು, ಮೈಮೇಲೆ ಹಿಡಿ ಮಾಂಸವಿಲ್ಲ. ದನಿ ಮಾತ್ರ ಪವರ್‌ಲೂಮುಗಳ ಖಟಖಟದ ನಡುವೆಯೂ ಓಣಿಯ ಆ ತುದಿಗೆ ಮುಟ್ಟುತ್ತದೆ. ಇಂಥ ಅಕ್ಕಮ್ಮ ಎರಡು ವರ್ಷ, ಅದೂ ಮುನಿಗಳ ಎದುರು ಕೈಮುಗಿದು ನಿಂತು, ತನಗೇ ಗೊತ್ತಿಲ್ಲದೆ ಸುಳ್ಳು ಹೇಳಿದ್ದಳು. ಹೇಳಿಸಿದವನು ಅವಳೇ ಸಾಕಿ ಬೆಳೆಸಿದ ಮೈದುನ ಭೂಪಾಲ. ಅದು ಗೊತ್ತಾದ ಮೇಲೆ ಅವಳು ಸುಮ್ಮನೆ ಕೂಡುವವಳೇ?

ತೇರದಾಳದಿಂದ ಈ ಓಣಿಗೆ ಸೊಸೆಯಾಗಿ ಬಂದ ಮರುದಿನವೇ ಅತ್ತೆ ಅವಳ ಕೈಗೆ ನೀರು ಸೋಸುವ ಅರಿವೆ ಕೊಟ್ಟಿದ್ದಳು. ನೆರೆಮನೆಯ ನೇಕಾರರು ಕೈಮಗ್ಗದಲ್ಲಿ ನೇಯ್ದ ಬಿಳಿ ಅರಿವೆ ಅದು. ಎರಡು ಮಡಿಕೆ ಮಾಡಿ ಸೂರ್ಯನಿಗೆ ಹಿಡಿದರೆ ಬೆಳಕು ತೂರಬಾರದು, ಅಷ್ಟು ದಟ್ಟ. ಜೈನರ ಮನೆಯಲ್ಲಿ ಸೋಸದ ನೀರು ಕುಡಿಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಸೋಸಿದ ಮೇಲಿನ ಕೆಲಸ ಬಹಳ ಜನಕ್ಕೆ ಗೊತ್ತಿಲ್ಲ. ಅರಿವೆಯಲ್ಲಿ ಉಳಿದ ಕಾಣುವ, ಕಾಣದ ಸಣ್ಣ ಜೀವಗಳನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಆ ನೀರನ್ನು ಯಾವ ಬಾವಿಯಿಂದ ತಂದರೋ ಅದೇ ಬಾವಿಗೆ ಬಿಡಬೇಕು. ಮೇಲಿಂದ ಸುರಿಯುವಂತಿಲ್ಲ, ಕೊಡವನ್ನು ನೀರಿನ ಮಟ್ಟದ ತನಕ ಇಳಿಸಿ ಬಿಡಬೇಕು. ಬೇರೆ ನೀರಿನಲ್ಲಿ ಅವು ಬದುಕುವುದಿಲ್ಲ. ಇದಕ್ಕೆ ಜೀವಾಣಿ ಬಿಡುವುದು ಎನ್ನುತ್ತಾರೆ. ಮನೆಮನೆಗೆ ನಳ ಬಂದ ಮೇಲೆ ಓಣಿಯ ಹೆಚ್ಚಿನವರು ಇದನ್ನು ಬಿಟ್ಟರು. ಅಕ್ಕಮ್ಮ ಬಿಡಲಿಲ್ಲ.

ಅವಳ ಮನೆಗೆ ಹತ್ತಿಕೊಂಡೇ ಬಸದಿಯ ಬಾವಿ, ಬಾವಿಯ ಹಿಂದೆ ಗೌಳೇರ ಕೆರೆಯ ಏರಿ. ಕೆರೆ ತುಂಬಿದರೆ ಬಾವಿ ತುಂಬುತ್ತಿತ್ತು, ಕೆರೆ ಇಳಿದರೆ ಬಾವಿ ಇಳಿಯುತ್ತಿತ್ತು. ಗೌಳಿಗರು ಎಮ್ಮೆ ಬಿಡುತ್ತಿದ್ದರು, ನೇಕಾರರು ನೂಲು ತೊಳೆಯುತ್ತಿದ್ದರು. ಅಕ್ಕಮ್ಮ ಅದರ ಮೆಟ್ಟಿಲ ಮೇಲೆ ಪುಟ್ಟ ಭೂಪಾಲನಿಗೆ ಮೈ ತೊಳೆಯುತ್ತಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ. ಅತ್ತೆ ಹೋದಳು, ಗಂಡ ಪಾಯಪ್ಪನೂ ಬೇಗ ತೀರಿಕೊಂಡ. ಉಳಿದವನು ಈ ಮೈದುನ, ಚಡ್ಡಿ ಏರಿಸಿಕೊಳ್ಳಲೂ ಬಾರದ ವಯಸ್ಸಿನವನು. ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಸುತ್ತಿ, ಬೆರಳ ತುದಿಗಳಲ್ಲಿ ನೂಲಿನ ಗೆರೆ ಮೂಡಿಸಿಕೊಂಡು, ಅಕ್ಕಮ್ಮ ಅವನನ್ನು ಜಮಖಂಡಿಯ ಕಾಲೇಜಿನ ತನಕ ಓದಿಸಿದಳು. ಅವನು ನೂಲಿನ ವ್ಯಾಪಾರದಲ್ಲಿ ಚೆನ್ನಾಗಿ ಬೆಳೆದ, ಓಣಿಯಲ್ಲೇ ಎದುರುಮನೆ ಕಟ್ಟಿದ, ಉಜ್ವಲಾ ಎಂಬ ಒಳ್ಳೆಯ ಹುಡುಗಿಯನ್ನು ಮದುವೆಯಾದ, ಬಸದಿ ಕಮಿಟಿಯ ಅಧ್ಯಕ್ಷನೂ ಆದ. ಅಕ್ಕಮ್ಮನಿಗೆ ಅವನೆಂದರೆ ಹೆಮ್ಮೆ. ಬೈಯುತ್ತಿದ್ದಳು, ಆದರೆ ಹೆಮ್ಮೆಯಿಂದ ಬೈಯುತ್ತಿದ್ದಳು.

ಅಧ್ಯಕ್ಷನಾದವನಿಗೆ ಏನಾದರೂ ಕಟ್ಟಬೇಕೆನಿಸುತ್ತದೆ. ಭೂಪಾಲನಿಗೆ ಸಮುದಾಯ ಭವನ ಕಟ್ಟಬೇಕೆನಿಸಿತು. ಜಾಗ ನೋಡಿದ್ದು ಕೆರೆಯ ಮೂಡಣ ಅಂಚಿನಲ್ಲಿ, ಸರಿಯಾಗಿ ಮಳೆನೀರಿನ ಹಳ್ಳ ಕೆರೆಗೆ ಇಳಿಯುವ ಬಾಯಿಯಲ್ಲಿ. ಟ್ರ್ಯಾಕ್ಟರುಗಟ್ಟಲೆ ಮಣ್ಣು, ಕೆಡವಿದ ಮನೆಗಳ ಇಟ್ಟಿಗೆ ಚೂರು ತಂದು ಸುರಿದರು. ಹಳ್ಳದ ಬಾಯಿ ಕಟ್ಟಿತು, ಮೇಲೆ ಕಂಬಗಳೆದ್ದವು. ಅಕ್ಕಮ್ಮ ಮೀಟಿಂಗಿಗೇ ಹೋಗಿ ಕೂಗಾಡಿದಳು. ಹಿರಿಯರು ಮೀಸೆಯಲ್ಲಿ ನಕ್ಕು ಅವಳಿಗೆ ಚಹ ತರಿಸಿದರು. ಈಗ ಕೆರೆ ಯಾರಿಗೆ ಬೇಕು, ನಮ್ಮ ಮಕ್ಕಳ ಮದುವೆಗೆ ಭವನ ಬೇಡವೇ ಎಂದು ಭೂಪಾಲ ಸಮಾಧಾನ ಮಾಡಿದ. ಅವಳು ಚಹ ಮುಟ್ಟದೆ ಎದ್ದು ಬಂದಳು. ಆಮೇಲಿನ ಮಳೆಗಾಲಗಳಲ್ಲಿ ಮಳೆಯೇನೋ ಬಂತು, ನೀರು ಕೆರೆಗೆ ಬರದೆ ರಸ್ತೆ ಹಿಡಿದು ಹೋಯಿತು. ಕೆರೆಯಲ್ಲಿ ಓಣಿಯ ಗಟಾರದ ನೀರೊಂದೇ ನಿಂತು ನಾರತೊಡಗಿತು, ಬಾವಿಯ ತಳದಲ್ಲಿ ಕೆಸರು ಕಾಣಿಸಿತು.

ಕೆಸರು ಕಂಡ ಬಾವಿ ಚಾತುರ್ಮಾಸಕ್ಕೆ ಮಾತ್ರ ತುಂಬಿಕೊಳ್ಳುತ್ತಿತ್ತು! ಮಳೆಗಾಲದ ನಾಲ್ಕು ತಿಂಗಳು ದಿಗಂಬರ ಮುನಿಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ದಿನಕ್ಕೆ ಒಂದೇ ಸಲ, ನಿಂತು, ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಅವರಿಗೆ ನಳದ ನೀರು ನಡೆಯದು, ಬೋರಿನ ನೀರು ನಡೆಯದು. ಬಾವಿಯಿಂದ ಕೈಯಾರೆ ಸೇದಿ, ಸೋಸಿ, ಜೀವಾಣಿ ಬಿಟ್ಟ ನೀರೇ ಆಗಬೇಕು. ಓಣಿಯ ಮನೆಗಳೆಲ್ಲ ಆ ನಾಲ್ಕು ತಿಂಗಳು ಬಸದಿ ಬಾವಿಯಿಂದಲೇ ನೀರು ಒಯ್ಯುತ್ತಿದ್ದವು. ಎರಡು ವರ್ಷ ಮುನಿಗಳು ಬಂದ ವಾರದಲ್ಲೇ ಬಾವಿ ಮೆಟ್ಟಿಲ ತನಕ ಏರಿತ್ತು. ಅಕ್ಕಮ್ಮ ಕಂಡಕಂಡವರಿಗೆಲ್ಲ ಮುನಿಗಳ ಪಾದದ ಪುಣ್ಯ ನೋಡಿರಿ ಎಂದು ಹೇಳಿಕೊಂಡು ತಿರುಗಿದ್ದಳು. ಅರಿವೆಯಲ್ಲಿ ಒಂದು ಹುಳವೂ ಉಳಿಯುವುದಿಲ್ಲವಲ್ಲ ಎಂದು ಒಂದೆರಡು ಸಲ ಅನಿಸಿತ್ತು. ಪುಣ್ಯದ ನೀರು, ಹಾಗೇ ಇರುತ್ತದೆ ಎಂದುಕೊಂಡು ಬರಿಯ ಅರಿವೆಯನ್ನೇ ಭಕ್ತಿಯಿಂದ ತೊಳೆದು ಬಾವಿಗೆ ಬಿಟ್ಟಿದ್ದಳು.

ಮೂರನೆಯ ವರ್ಷ ಮುನಿಗಳು ಬಂದ ಮೇಲೆ ಒಂದು ಬೆಳಿಗ್ಗೆ ಅವಳು ಎಂದಿಗಿಂತ ಬೇಗ ಹಗ್ಗ ಹಿಡಿದುಕೊಂಡು ಬಾವಿಗೆ ಹೋದಳು. ಬಾವಿಕಟ್ಟೆಗೆ ಟ್ಯಾಂಕರ್ ಹತ್ತಿ ನಿಂತಿತ್ತು. ಅದರ ಪೈಪು ಬಾವಿಯೊಳಗೆ ಬಾಯಿ ಬಿಟ್ಟಿತ್ತು. ಡ್ರೈವರ್ ಪಾಪದವನು, ಕೇಳಿದ್ದಕ್ಕೆಲ್ಲ ಮರ್ಯಾದೆಯಿಂದ ಉತ್ತರ ಕೊಟ್ಟ. ಇದು ಬೋರಿನ ನೀರು, ಪ್ರತಿ ವರ್ಷ ಬಿಡುತ್ತೇವೆ, ಭೂಪಾಲಣ್ಣನ ಆರ್ಡರ್ ಎಂದ. ಅಕ್ಕಮ್ಮ ಹಗ್ಗವನ್ನು ಅಲ್ಲೇ ಬಿಸುಟು ಎದುರುಮನೆಯ ಬಾಗಿಲು ಬಡಿದಳು.

ಭೂಪಾಲ ಹಲ್ಲುಜ್ಜುತ್ತ ಬಂದ. ಮುಚ್ಚಿಡಲು ನೋಡಲಿಲ್ಲ, ಅದೊಂದು ಗುಣ ಅವನಿಗಿತ್ತು.

"ವೈನಿ, ನೀವು ಸುಮ್ಮ ತಲಿ ಕೆಡಿಸ್ಕೋಬ್ಯಾಡ್ರಿ. ಬಾವ್ಯಾಗ ಬಿದ್ದ ಮ್ಯಾಲೆ ಅದು ಬಾವಿ ನೀರೇ ಅಲ್ಲೇನು?" ಎಂದ.

"ಹೋದ ವರ್ಷಾನೂ ಇದ ಮಾಡಿದ್ದೇನು?"

"ಅದರ ಹಿಂದಿನ ವರ್ಷಾನೂ."

ಅಕ್ಕಮ್ಮ ಬೈಯದೆ ತಿರುಗಿ ಹೋದದ್ದನ್ನು ಕಂಡು ಭೂಪಾಲ ಗೆದ್ದೆನೆಂದುಕೊಂಡ. ಮನೆಗೆ ಬಂದ ಅಕ್ಕಮ್ಮ ಹೊಸ್ತಿಲ ಮೇಲೆ ಕುಳಿತಳು. ಮುನಿಗಳ ಎದುರು ಎರಡು ವರ್ಷ ಸುಳ್ಳು, ಓಣಿಯ ತುಂಬ ಪುಣ್ಯದ ಡಂಗುರ ಬೇರೆ! ಅವತ್ತು ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೈಗೆ ಹುಷಾರಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅದೂ ಒಂದು ಸುಳ್ಳೇ ಅಲ್ಲವೇ? ಅವಳು ತಲೆಗೆ ನೀರು ಹಾಕಿಕೊಂಡು, ಮಡಿಸೀರೆ ಉಟ್ಟು, ಆ ನೀರು ಸೋಕಿಸದೆ ಹಾಲು ತುಪ್ಪದಲ್ಲೇ ಅಡುಗೆ ಮಾಡಿ, ಕಲಶ ಹಿಡಿದು ಬಾಗಿಲಿಗೆ ಬಂದು ನಿಂತಳು.

ಮುನಿಗಳು ಬಸದಿಯಿಂದ ಹೊರಟರು. ಬಲಗೈಯ ಬೆರಳುಗಳನ್ನು ಕೂಡಿಸಿ ಹೆಗಲ ಮೇಲಿಟ್ಟುಕೊಂಡು, ಎಡಗೈಯಲ್ಲಿ ಕಮಂಡಲು, ನವಿಲುಗರಿಯ ಪಿಂಛಿ ಹಿಡಿದು, ನೆಲ ನೋಡುತ್ತ ನಡೆದು ಬಂದರು. ಯಾವ ಮನೆಯ ಮುಂದೆ ನಿಲ್ಲುತ್ತಾರೆಂಬುದು ಅವರ ಮನಸ್ಸಿನೊಳಗಿನ ಸಂಕಲ್ಪ, ಯಾರಿಗೂ ಗೊತ್ತಾಗುವುದಿಲ್ಲ. ಬಾಗಿಲು ಬಾಗಿಲಿಗೆ ಜನ ಕಲಶ ಹಿಡಿದು ನಿಂತಿದ್ದರು. ಅವರು ನಿಂತದ್ದು ಅಕ್ಕಮ್ಮನ ಬಾಗಿಲ ಮುಂದೆ. ಅಲ್ಲಿ ಗೃಹಸ್ಥರು ಗಟ್ಟಿಯಾಗಿ ಹೇಳಬೇಕು: ಮನಸ್ಸು ಶುದ್ಧ, ಮಾತು ಶುದ್ಧ, ಮೈ ಶುದ್ಧ, ಆಹಾರ ಶುದ್ಧ, ನೀರು ಶುದ್ಧ ಎಂದು. ಅದನ್ನು ಕೇಳಿದ ಮೇಲೆಯೇ ಮುನಿಗಳು ಒಳಗೆ ಕಾಲಿಡುತ್ತಾರೆ.

"ನಮೋಸ್ತು ಸ್ವಾಮೀ, ನಮೋಸ್ತು," ಎಂದಳು ಅಕ್ಕಮ್ಮ. "ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಶುದ್ಧ."

ಅಲ್ಲಿಗೆ ನಿಲ್ಲಿಸಿದಳು. ಓಣಿ ಕಾಯಿತು. ಮುನಿಗಳೂ ಕಾದರು.

"ಜಲ ಶುದ್ಧ ಅಂತ ನನ್ನ ನಾಲಿಗಿ ಹೇಳಂಗಿಲ್ರಿ. ಬಾವ್ಯಾಗಿಂದು ಟ್ಯಾಂಕರ್ ನೀರು. ನಮ್ಮ ಬಾವಿ ಸತ್ತೈತಿ, ಯಾಕಂದ್ರ ಕೆರೀನ ನಾವು ಕೊಂದೇವಿ."

ಮುನಿಗಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರು ಮುಂದಕ್ಕೆ ನಡೆದರು. ಮುಂದಿನ ಮನೆಯಲ್ಲೂ ಅದೇ ಬಾವಿಯ ನೀರು, ಅದರ ಮುಂದಿನದರಲ್ಲೂ ಅದೇ. ಅಕ್ಕಮ್ಮನ ದನಿ ಯಾರ ಕಿವಿಗೆ ಬಿದ್ದಿಲ್ಲ? ಬಾಯಿ ತೆರೆದವರು ತೆರೆದಲ್ಲೇ ಮುಚ್ಚಿದರು. ಕಡೆಗೆ ಭೂಪಾಲನ ಮನೆ. ಉಜ್ವಲಾ ನಮೋಸ್ತು ಎಂದಳು, ಮನ ಶುದ್ಧ ಎಂದಳು, ಆಮೇಲೆ ಗಂಡನ ಮುಖ ನೋಡಿ, ಎದುರು ಬಾಗಿಲಲ್ಲಿ ನಿಂತ ಅಕ್ಕಮ್ಮನ ಮುಖ ನೋಡಿ, ತಲೆ ತಗ್ಗಿಸಿಬಿಟ್ಟಳು. ಮುನಿಗಳು ಹೆಗಲ ಮೇಲಿನ ಕೈ ಇಳಿಸಿ ಬಸದಿಗೆ ತಿರುಗಿದರು. ಅವತ್ತು ಅವರಿಗೆ ಉಪವಾಸ.

ಮಧ್ಯಾಹ್ನದೊಳಗೆ ಅಕ್ಕಮ್ಮ ಊರಿನ ದೊಡ್ಡ ಪಾಪಿಯಾದಳು. ಸ್ವಾಮಿಗಳನ್ನು ಉಪವಾಸ ಕೆಡವಿದಾಕೆ ಎಂದರು. ಮನೆಯ ಮಾನ ಓಣಿಯಲ್ಲಿ ತೆಗೆದಳು, ಭವನ ಆಗಬಾರದೆಂದು ಹೊಟ್ಟೆಕಿಚ್ಚು ಎಂದರು. ಕಂಡಿಕೆಯ ಕೆಲಸ ಕೊಡುತ್ತಿದ್ದ ಒಬ್ಬಿಬ್ಬರು ಕೊಡುವುದನ್ನು ಬಿಟ್ಟರು. ಭೂಪಾಲ ಎದುರು ಬಂದರೂ ಮೋರೆ ತಿರುವಿದ. ಅಕ್ಕಮ್ಮ ಬಾಗಿಲು ತೆರೆದಿಟ್ಟುಕೊಂಡೇ ಕುಳಿತಿದ್ದಳು. ಬೈಯಲು ಬಂದವರಿಗೆ ಅವಳದು ಒಂದೇ ಮಾತು: ಉಪವಾಸ ಕೆಡವಿದ್ದು ಟ್ಯಾಂಕರ್, ನಾನಲ್ಲ. ರಾತ್ರಿ ಅತ್ತಳೋ ಇಲ್ಲವೋ, ಮುಂಜಾನೆ ಕಣ್ಣು ಊದಿಕೊಂಡಿದ್ದವು.

ಮರುದಿನದ ಆಹಾರಕ್ಕೆ ನೀರು ಎಲ್ಲಿಂದ? ಚಿಮ್ಮಡದ ಹೊಲವೊಂದರಲ್ಲಿ ರಾಟೆ ಹಾಕಿ ಸೇದುವ ಬಾವಿ ಸಿಕ್ಕಿತು. ಕಮಿಟಿಯ ಗಂಡಸರು ಮಡಿಧೋತರ ಉಟ್ಟು, ಮೋಟಾರ್‌ಸೈಕಲ್ ಮೇಲೆ ಕೊಡ ತಬ್ಬಿಕೊಂಡು ನೀರು ತರತೊಡಗಿದರು. ಸೋಸಿದ ನೀರು ಹೊತ್ತು ಮೀರಿದರೆ ಮತ್ತೆ ಸೋಸಬೇಕು. ಮತ್ತೆ ಸೋಸಿದರೆ ಮತ್ತೆ ಜೀವಾಣಿ. ಆ ಜೀವಾಣಿಯನ್ನು ಬನಹಟ್ಟಿಯಲ್ಲಿ ಚೆಲ್ಲುವಂತಿಲ್ಲ, ತಿರುಗಿ ಚಿಮ್ಮಡಕ್ಕೇ ಒಯ್ಯಬೇಕು! ಹೋಗುವಾಗ ಖಾಲಿ ಕೊಡ, ಬರುವಾಗ ತುಂಬಿದ ಕೊಡ, ಮತ್ತೆ ಹೋಗುವಾಗ ಕಾಣದ ಹುಳಗಳ ಚೆಂಬು. ಅಂಗಡಿ ತೆರೆಯುವ ಹೊತ್ತಿಗೆ ಅವರು ಬೆವರಿ ಹೈರಾಣಾಗಿರುತ್ತಿದ್ದರು. ಅಕ್ಕಮ್ಮ ಹೊಸ್ತಿಲಲ್ಲಿ ಕಂಡಿಕೆ ಸುತ್ತುತ್ತ, ಹುಳಗಳು ಕ್ಷೇಮವಾಗಿ ಊರು ಮುಟ್ಟಿದವೇ ಎಂದು ದಿನವೂ ವಿಚಾರಿಸುತ್ತಿದ್ದಳು. ಮೊದಮೊದಲು ಸಿಟ್ಟಾದರು. ದೀಪಾವಳಿ ಹತ್ತಿರ ಬಂದಾಗ ಒಬ್ಬಿಬ್ಬರು ಅವಳ ಕಟ್ಟೆಯ ಮೇಲೆ ಕೂತು, ಈ ಬಾವಿ ತಿರುಗಿ ನೀರು ಹಿಡಿಯಬೇಕೆಂದರೆ ಏನು ಮಾಡಬೇಕು ಎಂದು ಕೇಳಿದರು. ಅವಳು ಏರಿಯ ಕಡೆ ಕೈ ತೋರಿಸಿದಳು. ಮುನಿಗಳು ಊರು ಬಿಡುವ ದಿನ ಏರಿಯ ಮೇಲೆ ನಿಂತು ನಾರುವ ಕೆರೆಯನ್ನೂ ಭವನದ ಕಂಬಗಳನ್ನೂ ಬಹಳ ಹೊತ್ತು ನೋಡಿದರು. ಇಲ್ಲಿ ಅವರ ಬಾಯಿಗೆ ಮಾತು ತುರುಕುವುದು ಬೇಡ.

ಬೇಸಿಗೆ ಹತ್ತಿತು. ಅಕ್ಕಮ್ಮ ಸೀರೆ ಎತ್ತಿ ಕಟ್ಟಿ, ಬುಟ್ಟಿ ಸಲಿಕೆ ತೆಗೆದುಕೊಂಡು ಕೆರೆಗೆ ಇಳಿದಳು. ಒಬ್ಬಳೇ. ಏರಿಯ ಮೇಲೆ ನಿಂತು ನೋಡಿದವರು ಮುದುಕಿಗೆ ತಲೆ ಕೆಟ್ಟಿದೆ ಎಂದರು. ಸೋಸುವ ಅರಿವೆ ನೇಯ್ದು ಕೊಡುವ ನೆರೆಮನೆಯ ಗಿರಮಲ್ಲಪ್ಪನಿಗೆ ಆ ಮಾತು ಸೇರಲಿಲ್ಲ. ಮಗ್ಗ ನಿಲ್ಲಿಸಿ ಗುದ್ದಲಿ ಹಿಡಿದು ಇಳಿದ. ಅವನ ಹಿಂದೆ ಅವನ ಮನೆಯವರು, ಅವರ ಹಿಂದೆ ಗೌಳಿಗರು. ತಮ್ಮ ಹೆಸರಿನ ಕೆರೆಯಲ್ಲಿ ಜೈನರ ಮುದುಕಿ ಹೂಳು ಹೊರುವಾಗ ಅವರು ಮನೆಯಲ್ಲಿ ಕೂತರೆ ಚೆಂದವೇ? ಗಿರಮಲ್ಲಪ್ಪ ಸುತ್ತಲ ರೈತರಿಗೆ ಹೇಳಿಕಳಿಸಿದ: ಕಬ್ಬಿಗೂ ಅರಿಷಿಣಕ್ಕೂ ಕೆರೆಯ ಹೂಳು ಬೇಕಾದವರು ಟ್ರ್ಯಾಕ್ಟರ್ ತಂದು ಒಯ್ಯಬಹುದು, ತುಂಬುವ ಕೆಲಸ ಅವರದೇ. ಟ್ರ್ಯಾಕ್ಟರುಗಳು ಸಾಲುಗಟ್ಟಿ ಬಂದವು. ಓಣಿಯ ಹುಡುಗರು ನಗರಸಭೆಗೆ ಓಡಾಡಿ ಗಟಾರದ ನೀರನ್ನು ಬೇರೆ ಕಡೆ ತಿರುಗಿಸಿಕೊಂಡರು.

ಕಮಿಟಿಯ ಒಂದಿಬ್ಬರು ಏರಿಯ ಮೇಲೆ ಬಂದು, ಕೆರೆ ಅಗೆದರೆ ಏಡಿ ಕಪ್ಪೆ ಸಾಯುತ್ತವೆ, ಜೈನರಾದ ನಮಗೆ ಪಾಪ ಎಂದು ಉಪದೇಶ ಶುರು ಮಾಡಿದರು. ಅಕ್ಕಮ್ಮನಿಗೆ ಪಿತ್ತ ನೆತ್ತಿಗೇರಿತು. ಟ್ರ್ಯಾಕ್ಟರುಗಟ್ಟಲೆ ಮಣ್ಣು ಸುರಿಯುವಾಗ ಕೆಳಗಿನ ಕಪ್ಪೆಗಳೇನು ಎದ್ದು ತೇರದಾಳಕ್ಕೆ ಹೋಗಿದ್ದವೇ ಎಂದು ಕೇಳಿದಳು. ಆದರೂ ಏಡಿ ಕಪ್ಪೆ ಸಾಯುವ ಮಾತು ಅವಳಿಗೇ ನಾಟಿತು. ಅವತ್ತಿನಿಂದ ಕೆರೆಯ ನಡುವೆ ನೀರಿದ್ದ ಗುಂಡಿಯನ್ನು ಯಾರೂ ಮುಟ್ಟಬಾರದೆಂದಳು. ಹೂಳಿನಲ್ಲಿ ಸಿಕ್ಕ ಏಡಿ, ಕಪ್ಪೆ, ಮೀನುಮರಿಗಳನ್ನು ಬಕೆಟ್ಟಿನಲ್ಲಿ ಒಯ್ದು ಅದಕ್ಕೆ ಬಿಡುವ ಕೆಲಸವನ್ನು ಆ ಉಪದೇಶಕರಿಗೇ ಒಪ್ಪಿಸಿದಳು. ಅವರು ಒಪ್ಪಿಕೊಂಡರು, ಚೆನ್ನಾಗಿಯೂ ಮಾಡಿದರು.

ಹೂಳು ತೆಗೆದರೇನು, ನೀರು ಬರುವ ದಾರಿ ಬೇಡವೇ? ಹಳ್ಳದ ಬಾಯಿಯ ಮೇಲೆ ಭವನದ ಕಂಬಗಳು ನಿಂತಿದ್ದವು. ಮೋಡ ಕಟ್ಟುವ ದಿನ ಹತ್ತಿರ ಬಂದಾಗ ಅಕ್ಕಮ್ಮ ಅಲ್ಲಿಗೇ ಹೋಗಿ ಕಂಬಗಳ ನಡುವಿನ ಮಣ್ಣಿಗೆ ಸಲಿಕೆ ಹಾಕಿದಳು. ಸುದ್ದಿ ಮುಟ್ಟಿದ ಕೂಡಲೇ ಭೂಪಾಲ ಓಡಿ ಬಂದ. ಮುನಿಗಳ ಉಪವಾಸದ ದಿನದಿಂದ ಮಾತು ಬಿಟ್ಟವನು ಅವಳ ಎದುರು ನಿಂತು ಕೂಗಿದ.

"ಇದು ಸಮಾಜದ ಆಸ್ತಿ. ಒಂದ ಬುಟ್ಟಿ ಮಣ್ಣು ತಗದ್ರ ಜಮಖಂಡಿ ಕೋರ್ಟಿಗೆ ಎಳೀತೇನಿ. ವೈನಿ ಅಂತ ನೋಡಂಗಿಲ್ಲ."

ಅಕ್ಕಮ್ಮ ಸಲಿಕೆ ಊರಿ ನೆಟ್ಟಗೆ ನಿಂತಳು.

"ಹೋಗು. ಕಾಲೇಜಿಗೆ ಹೋಗಾಗ ಜಮಖಂಡಿ ಬಸ್ಸಿಗೆ ನಾನ ಹತ್ತಿಸಿದ್ದೆ, ಈಗೂ ನಾನ ಹತ್ತಸ್ತೀನಿ. ಜಡ್ಜ್ ಸಾಹೇಬ್ರ ಮುಂದ ಏನ್ ಹೇಳ್ತಿ? ಮುನಿಗೋಳಿಗೆ ಟ್ಯಾಂಕರ್ ನೀರು ಕುಡಿಸಿದ್ದೂ ಹೇಳ್ತಿಯಿಲ್ಲ?"

ಅಷ್ಟರಲ್ಲಿ ಭೂಪಾಲನ ಬೆನ್ನ ಹಿಂದಿನಿಂದ ಉಜ್ವಲಾ ಬಂದಳು. ತಲೆಯ ಮೇಲೆ ಸಿಂಬೆ, ಕಂಕುಳಲ್ಲಿ ಬುಟ್ಟಿ. ಗಂಡನನ್ನು ಬಳಸಿಕೊಂಡು ಮುಂದೆ ಹೋಗಿ ಬುಟ್ಟಿಯನ್ನು ಅಕ್ಕಮ್ಮನ ಕಾಲ ಬಳಿ ಇಟ್ಟಳು. ಅವತ್ತು ನನ್ನ ಬಾಯಿಂದಲೂ ಜಲ ಶುದ್ಧ ಎಂಬ ಮಾತು ಬರಲಿಲ್ಲ ಅಕ್ಕಾ, ತುಂಬಿರಿ ಎಂದಳು. ಅಕ್ಕಮ್ಮ ತುಂಬಿದಳು, ಉಜ್ವಲಾ ಹೊತ್ತಳು. ಆಮೇಲೆ ಓಣಿಯ ಹೆಂಗಸರೆಲ್ಲ ಇಳಿದರು. ಭೂಪಾಲ ಮನೆಗೆ ಹೋದ. ಕೋರ್ಟಿಗೆ ಹೋಗಲಿಲ್ಲ, ಅಕ್ಕಮ್ಮನ ಜೊತೆ ಮಾತೂ ಆಡಲಿಲ್ಲ.

ಆ ಸಲದ ಮಳೆ ಹಳೆಯ ದಾರಿಯನ್ನು ಮರೆತಿರಲಿಲ್ಲ. ಹಳ್ಳ ಕೆಂಪಗೆ ಇಳಿದು ಬಂದು ಕಂಬಗಳ ನಡುವೆ ಹಾದು ಕೆರೆಗೆ ಬಿತ್ತು. ಭವನ ಈಗಲೂ ಹಾಗೇ ಇದೆ, ಮೊಳಕಾಲಿನ ತನಕ ನೀರಿನಲ್ಲಿ ನಿಂತ ಕಂಬಗಳು, ಅವುಗಳ ನಡುವೆ ಮೈ ಚೆಲ್ಲಿ ಮಲಗುವ ಗೌಳಿಗರ ಎಮ್ಮೆಗಳು. ಕೆರೆ ಪೂರ್ತಿ ತುಂಬಲಿಲ್ಲ. ವಾಸನೆ ಹೋಗಲಿಕ್ಕೂ ಇನ್ನಷ್ಟು ಮಳೆ ಬೇಕಿತ್ತು. ಅಕ್ಕಮ್ಮ ಮಾತ್ರ ದಿನಾ ಬಾವಿಗೆ ಕೊಡ ಇಳಿಸುತ್ತಿದ್ದಳು, ಸೋಸುತ್ತಿದ್ದಳು, ಅರಿವೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಕೆಸರು, ಬರಿಯ ಕೆಸರು. ಆಷಾಢದ ಒಂದು ಬೆಳಿಗ್ಗೆ ಅರಿವೆಯ ನಡುವೆ ಎಳ್ಳಿನಷ್ಟು ದೊಡ್ಡದೊಂದು ಹುಳ ಬಾಗಿತು, ನೆಟ್ಟಗಾಯಿತು, ಮತ್ತೆ ಬಾಗಿತು. ಅದರ ಪಕ್ಕದಲ್ಲಿ ಇನ್ನೊಂದು. ಅಕ್ಕಮ್ಮ ಬಾವಿಕಟ್ಟೆಗೆ ಒರಗಿ ಅತ್ತಳು, ಯಾರು ನೋಡುತ್ತಾರೆಂಬ ಹಂಗಿಲ್ಲದೆ ಅತ್ತಳು. ಆಮೇಲೆ ಅವನ್ನು ತೊಳೆದು, ಕೊಡದಲ್ಲಿ ಇಳಿಸಿ, ತಮ್ಮ ಬಾವಿಗೆ ಬಿಟ್ಟಳು.

ಆ ವರ್ಷದ ಚಾತುರ್ಮಾಸಕ್ಕೆ ಬೇರೆ ಮುನಿಗಳು ಬಂದರು. ಓಣಿಯ ಮನೆಗಳೆಲ್ಲ ಬಸದಿ ಬಾವಿಯಿಂದಲೇ ನೀರು ಸೇದಿದವು. ಭೂಪಾಲ ಕೂಡ ಸೇದಿದ, ಅಕ್ಕಮ್ಮ ಅಂಗಳದಲ್ಲಿ ನಿಂತಿದ್ದರೂ ನೋಡದವನಂತೆ ತಲೆ ತಗ್ಗಿಸಿ ಸೇದಿಕೊಂಡು ಹೋದ. ಹೊತ್ತಾಯಿತು. ಮುನಿಗಳು ಬಸದಿಯಿಂದ ಹೊರಟು ಅಕ್ಕಮ್ಮನ ಬಾಗಿಲು ದಾಟಿದರು, ಗಳಿಗೆ ಹೊತ್ತೂ ತಡೆಯದೆ ಹೋಗಿ ಭೂಪಾಲನ ಮನೆಯ ಮುಂದೆ ನಿಂತರು. ಅವನು ಕಲಶ ಹಿಡಿದು ಶುರು ಮಾಡಿದ. ಮನ ಶುದ್ಧ ಎಂದ, ವಚನ ಶುದ್ಧ ಎನ್ನುವಾಗ ತಡವರಿಸಿದ, ಕಾಯ ಶುದ್ಧ, ಆಹಾರ ಶುದ್ಧ ಎಂದು ಹೇಗೋ ಮುಗಿಸಿದ. ಮುಂದಿನ ಮಾತು ಬರಲೇ ಇಲ್ಲ. ಮುನಿಗಳು ಕಾಯುತ್ತಿದ್ದರು. ಉಜ್ವಲಾ ಗಂಡನ ಮುಖ ನೋಡಿದಳು. ಅವನು ಓಣಿಯ ಈಚೆ ಬಾಗಿಲಲ್ಲಿ ನಿಂತ ಅಕ್ಕಮ್ಮನ ಕಡೆ ನೋಡುತ್ತಿದ್ದ, ಚಿಕ್ಕವನಿದ್ದಾಗ ಕೆರೆಯ ಮೆಟ್ಟಿಲ ಮೇಲೆ ಕಣ್ಣಿಗೆ ಸಾಬೂನು ಹೋದಾಗ ನೋಡುತ್ತಿದ್ದ ಹಾಗೆ.

ಒಂದು ವರ್ಷದಿಂದ ಅವನ ಹೆಸರೆತ್ತದಿದ್ದ ಅಕ್ಕಮ್ಮ ಓಣಿಗೆಲ್ಲ ಕೇಳುವ ದನಿಯಲ್ಲಿ ಹೇಳಿದಳು:

"ಅನ್ನು ಲೇ ಭೂಪಾಲ. ಈ ಸಲ ಖರೆ ಐತಿ."

ಭೂಪಾಲ ಕಣ್ಣು ಒರೆಸಿಕೊಂಡು, ಜಲ ಶುದ್ಧ ಎಂದ.